ದೊಡ್ಡ ಡಾಕ್ಟರು ಬರುವ ತನಕ

ನಿಂಗಣ್ಣನಿಗೆ ಹುಚ್ಚು ಹಿಡಿದಿದೆ ಎಂದು ಕಮಲಾಪುರ ಎಂದೋ ತೀರ್ಮಾನ ಮಾಡಿ ಕೈ ತೊಳೆದುಕೊಂಡಿತ್ತು. ಡಾಕ್ಟರು ಇನ್ನೂ ಅವನನ್ನು ನೋಡಿರಲಿಲ್ಲ, ಆ ಮಾತು ಬೇರೆ. ಊರಿಗೆ ಡಾಕ್ಟರು ಯಾಕೆ ಬೇಕು? ಬಾವಿಕಟ್ಟೆಯ ಮೇಲೆ ಕೊಡ ಇಟ್ಟವರೆಲ್ಲ ಡಾಕ್ಟರೇ, ರಸ್ತೆಯ ಬದಿಗೆ ಕೆಂಬಾಳೆಯ ಗೊನೆ ಇಟ್ಟುಕೊಂಡು ಮೋಟಾರು ಕಾಯುವವರೆಲ್ಲ ಡಾಕ್ಟರೇ.

ಹೇಳುವುದಕ್ಕೆ ಅವರಿಗೆ ಕಾರಣಗಳಿದ್ದವು. ನಿಂಗಣ್ಣ ನಿದ್ದೆ ಬಿಟ್ಟಿದ್ದ. ಗೋಡೆಗೆ ಮುಖ ಮಾಡಿ ಕುಳಿತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಪಾತ್ರೆ ಬಿದ್ದ ಸಪ್ಪಳಕ್ಕೆ ಬೆಚ್ಚಿಬಿದ್ದು ಅಳುತ್ತಿದ್ದ, ಇಲ್ಲದಿದ್ದರೆ ಎದುರಿಗಿದ್ದವರ ಮೇಲೆ ಹರಿಹಾಯುತ್ತಿದ್ದ. ತನ್ನ ಹೊಲದ ಹಾದಿಯೇ ಮರೆತು ಇನ್ನೊಬ್ಬರ ಹೊಲದಲ್ಲಿ ನಿಂತಿದ್ದನ್ನು ಮಂದಿ ಕಂಡಿದ್ದರು. ಮೇಲೆ ಭೇದಿ ಬೇರೆ. ಇದೆಲ್ಲದರ ಜೊತೆಗೆ ಆ ಬೇಸಿಗೆಯಲ್ಲಿ ಅವನ ಕೈಗಳ ಚರ್ಮ ಸುಟ್ಟಂತೆ ಕಪ್ಪಾಗಿ ಸಿಬಿರೆದ್ದಿತು. ಕುತ್ತಿಗೆಯ ಸುತ್ತ ಒಂದು ಕರಿಯ ಪಟ್ಟಿ ಮೂಡಿತು. ಅದನ್ನು ನೋಡಿದ ಮೇಲಂತೂ ಊರು ದನಿ ತಗ್ಗಿಸಿ ಮಾತಾಡತೊಡಗಿತು.

"ಸತ್ತವನ ಕೈ ಕುತ್ತಿಗಿಗೆ ಬಿದ್ದದ," ಎಂದಳು ಬಾವಿಕಟ್ಟೆಯಲ್ಲಿ ಮಾನಮ್ಮ. ನಿಂಗಣ್ಣನ ಹೆಂಡತಿ ಮಲ್ಕಮ್ಮ ಹಗ್ಗ ಎಳೆಯುತ್ತ ಅಲ್ಲಿಯೇ ಇದ್ದಳು. ಅವಳಿಗೆ ಕೇಳಲೆಂದೇ ಆಡಿದ ಮಾತು ಅದು.

ಸತ್ತವನು ಅಂದರೆ ನಬಿಸಾಬ್. ಅವನು ಸತ್ತನೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಿಂಗಣ್ಣ ಮತ್ತು ನಬಿಸಾಬ್ ಒಂದೊಂದು ಎತ್ತು ಕೂಡಿಸಿ ಒಂದೇ ನೇಗಿಲು ಹೂಡುತ್ತಿದ್ದವರು, ತೊಗರಿ ಬಿತ್ತಿ ರಾಶಿಯನ್ನು ಸಮ ಪಾಲು ಮಾಡಿಕೊಳ್ಳುತ್ತಿದ್ದವರು. ರಜಾಕಾರರು ಮೆರೆಯುತ್ತಿದ್ದಾಗ ನಬಿಸಾಬ್ ಅವರ ಜೊತೆ ಸೇರಲಿಲ್ಲ. ಇಂಡಿಯಾದ ಫೌಜು ಬಂದ ಮೇಲೆ ಆ ಲೆಕ್ಕ ಯಾರು ಕೇಳುತ್ತಾರೆ? ಸೇಡಿನ ಗದ್ದಲ ಎದ್ದಾಗ ಗಡ್ಡ ಕಂಡರೆ ಸಾಕಿತ್ತು. ನಬಿಸಾಬ್ ತನ್ನ ಹೆಂಡತಿ ಅಕ್ಬರಿ ಬೇಗಂಳನ್ನು ಮೊದಲೇ ಕಲಬುರಗಿಯ ಮೋಮಿನಪುರಕ್ಕೆ, ಅವಳ ಅಣ್ಣನ ಮನೆಗೆ, ಕಳಿಸಿದ್ದ. ತಾನು ಮಾತ್ರ ನಿಂತ ಪೈರಿನ ಆಸೆಗೆ ಊರಲ್ಲಿ ಉಳಿದ. ಒಂದು ಮಧ್ಯಾಹ್ನ ಅವನು ನಿಂಗಣ್ಣನ ಮನೆಗೆ ಬಂದದ್ದನ್ನು, ಇಬ್ಬರೂ ಹಿತ್ತಲ ಬಾಗಿಲಿನಿಂದ ಹೊರಗೆ ಹೋದದ್ದನ್ನು ಮಲ್ಕಮ್ಮ ಕಣ್ಣಾರೆ ಕಂಡಿದ್ದಳು. ಸಂಜೆಗೆ ನಿಂಗಣ್ಣ ಒಬ್ಬನೇ ಬಂದ. ನಬಿಸಾಬ್ ಮೋಮಿನಪುರಕ್ಕೆ ಮುಟ್ಟಲಿಲ್ಲ, ಮತ್ತೆಲ್ಲಿಯೂ ಕಾಣಲಿಲ್ಲ.

ಮರುದಿನದಿಂದ ನಿಂಗಣ್ಣ ಊಟದಲ್ಲಿ ಬೇಳೆ ಮುಟ್ಟಲಿಲ್ಲ. ಬೇಳೆ ಅಷ್ಟೇ ಅಲ್ಲ. ಹಾಲು, ಮಜ್ಜಿಗೆ, ಶೇಂಗಾ ಹಿಂಡಿ, ಪಲ್ಯ, ಹಬ್ಬದ ಹೋಳಿಗೆ ಏನೂ ಇಲ್ಲ. ಜೋಳದ ರೊಟ್ಟಿ, ಕೆಂಪು ಖಾರ, ನೀರು. ಯಾಕೆ ಎಂದರೆ "ಹಂಗೇ" ಎನ್ನುತ್ತಿದ್ದ. ಮಲ್ಕಮ್ಮ ಬೈದಳು, ಅತ್ತಳು, ಮುನಿಸಿಕೊಂಡು ತಾನೂ ಉಪವಾಸ ಬಿದ್ದಳು. ಅವನು ಜಗ್ಗಲಿಲ್ಲ. ಊರು ಅದನ್ನೂ ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಪಾಪ ಮಾಡದವನು ಪ್ರಾಯಶ್ಚಿತ್ತ ಯಾಕೆ ಮಾಡುತ್ತಾನೆ ಎಂದಿತು. ಮಲ್ಕಮ್ಮ ಹಾಗೆ ಅಂದವರ ಜೊತೆ ಜಗಳಕ್ಕೆ ನಿಂತಳು. ಆದರೆ ಜಗಳ ಮುಗಿಸಿ ಮನೆಗೆ ಬಂದಾಗ ಆ ಮಾತು ಅವಳ ಜೊತೆಗೇ ಒಳಗೆ ಬಂದಿರುತ್ತಿತ್ತು.

ಗದ್ದಲವಾಗಿ ಮೂರನೆಯ ಬೇಸಿಗೆಗೆ ಅವಳು ಗಂಡನನ್ನು ಹುಮನಾಬಾದ ಕಡೆಯಿಂದ ಬರುವ ಮೋಟಾರಿಗೆ ಹತ್ತಿಸಿಕೊಂಡು ಕಲಬುರಗಿಗೆ ಬಂದಳು. ಸರ್ಕಾರಿ ದವಾಖಾನೆಯ ಸಣ್ಣ ಡಾಕ್ಟರು ನಿಂಗಣ್ಣನ ಕಣ್ಣು ನೋಡಿ, ಹೆಸರು ಕೇಳಿ, ಅವನು ಉತ್ತರ ಕೊಡದೆ ಅಳುವುದನ್ನು ನೋಡಿ ತಲೆ ಕೆರೆದುಕೊಂಡರು.

"ಇದು ತಲೀದೋ ಬ್ಯಾರೇದೋ ನನಗ ಹೇಳಾಕ ಬರಂಗಿಲ್ಲಮ್ಮ. ಹೈದರಾಬಾದಿನಿಂದ ದೊಡ್ಡ ಡಾಕ್ಟರ್ ಬರ್ತಾರ, ಅವರೇ ನೋಡಬೇಕು. ಹುಚ್ಚು ಅಂತ ಅಂದ್ರ ಹೈದರಾಬಾದಿನ ಹುಚ್ಚರ ದವಾಖಾನಿಗೆ ಕಳಸಬೇಕಾಗ್ತದ."

"ಯಾವಾಗ ಬರ್ತಾರ್ರಿ?"

"ಬರ್ತಾರ. ಬಂದಾಗ ಗೊತ್ತಾಗ್ತದ."

ಮಲಗಲು ಖಾಟು ಕೊಡಿರಿ, ಇಲ್ಲಿಯೇ ಇರುತ್ತೇವೆ ಎಂದರೆ ದೊಡ್ಡ ಡಾಕ್ಟರು ಹೇಳದೆ ಖಾಟು ಇಲ್ಲ ಎಂದರು. ಖಾಟಿನ ಮೇಲೆ ಇಲ್ಲದ ರೋಗಿಯನ್ನು ದೊಡ್ಡ ಡಾಕ್ಟರು ನೋಡುತ್ತಾರೋ ಇಲ್ಲವೋ ಅದೂ ಅವರಿಗೆ ಗೊತ್ತಿರಲಿಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎನ್ನುವ ಗಾದೆಯನ್ನು ದವಾಖಾನೆಯವರೇ ಕಟ್ಟಿರಬೇಕು.

ನಿಂಗಣ್ಣನ ಅಕ್ಕ ನೀಲಗಂಗಮ್ಮನ ಮನೆ ಕಾಳು ಮಾರುವ ಗಂಜಿನ ಹಿಂದೆ ಇತ್ತು. ಅವಳ ಗಂಡ ಗಂಜಿನಲ್ಲಿ ಹಮಾಲಿ. ಕಾಯುವುದು ಅಲ್ಲಿಯೇ ಎಂದಾಯಿತು. ಸುತ್ತಲೂ ತೊಗರಿ. ಲಾರಿಯ ಮೇಲೆ ತೊಗರಿ, ಓಣಿಯಲ್ಲಿ ಚೆಲ್ಲಿದ ತೊಗರಿ, ಗಾಳಿ ಬೀಸಿದರೆ ಬೇಳೆಯ ಹೊಟ್ಟು ಬಂದು ಹಾಸಿಗೆಯ ಮೇಲೆ ಕೂರುತ್ತಿತ್ತು. ನೀಲಗಂಗಮ್ಮ ದಿನವೂ ತಮ್ಮನಿಗೆಂದು ಬೇಳೆ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಗಂಗಾಳದ ಅಂಚಿಗೆ ಬಡಿಸುತ್ತಿದ್ದಳು. ಅವನು ಗಂಗಾಳವನ್ನು ಸರಿಸಿ ಒಣ ರೊಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದ. ಎಲ್ಲ ಮರೆತವನು ಅದೊಂದನ್ನು ಮರೆಯಲಿಲ್ಲ.

ಕಾಯುವುದೆಂದರೆ ಸುಮ್ಮನೆ ಕೂರುವುದು ಎಂದು ತಿಳಿದವರು ಕಾಯ್ದವರಲ್ಲ. ಮಲ್ಕಮ್ಮ ಬೆಳಿಗ್ಗೆ ಎದ್ದೊಡನೆ ಗಂಡನ ಪರೀಕ್ಷೆಗೆ ಕೂರುತ್ತಿದ್ದಳು. ಇವತ್ತು ವಾರ ಯಾವುದು? ನಮ್ಮ ಬಿಳಿ ಎತ್ತಿನ ಹೆಸರು ಏನು? ನಾನು ಯಾರು? ಅವನು ಸರಿ ಹೇಳಿದ ದಿನ ಅವಳಿಗೆ ಹಬ್ಬ. ತಪ್ಪಿದ ದಿನ ಅವನ ಮೇಲೆ ಸಿಟ್ಟು, ಬೇಕಂತಲೇ ತಪ್ಪು ಹೇಳಿದನೇನೋ ಎನ್ನುವಂಥ ಸಿಟ್ಟು. ಈಳಿಗೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟಳು. ಆಮೇಲೆ ಅದನ್ನು ಮುಚ್ಚಿಟ್ಟದ್ದಕ್ಕೆ ತನಗೆ ತಾನೇ ನಾಚಿಕೊಂಡಳು. ದಿನ ಬಿಟ್ಟು ದಿನ ದವಾಖಾನೆಗೆ ನಡೆದು, ದೊಡ್ಡ ಡಾಕ್ಟರು ಬಂದಿಲ್ಲ ಎಂದು ಕೇಳಿಕೊಂಡು ತಿರುಗಿ ಬರುತ್ತಿದ್ದಳು. ಒಮ್ಮೊಮ್ಮೆ ಅನಿಸುತ್ತಿತ್ತು, ಹುಚ್ಚು ಅಂತಲೇ ಅಂದುಬಿಡಲಿ, ಈ ಹೆಸರಿಲ್ಲದ್ದನ್ನು ಎಷ್ಟು ದಿನ ಹೊರಲಿ ಎಂದು. ಮರುಗಳಿಗೆಯೇ ಹುಚ್ಚರ ದವಾಖಾನೆಯ ಕಬ್ಬಿಣದ ಬಾಗಿಲು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಆ ಬಾಗಿಲನ್ನು ಅವಳು ನೋಡಿರಲಿಲ್ಲ, ತಾನೇ ಮಾಡಿಕೊಂಡಿದ್ದಳು.

"ಯಾರದರ ಶಾಪ ಇದ್ರ ಡಾಕ್ಟರ್ ಬಂದು ಯಾನ ಮಾಡ್ತಾನ?" ಎಂದಳು ಒಂದು ದಿನ ನೀಲಗಂಗಮ್ಮ ಅಕ್ಕಿ ಆರಿಸುತ್ತ. "ಶಾಪ ಕೊಟ್ಟವರೇ ತಿರುಗಿ ತಗೋಬೇಕು. ನೀ ಅವನ್ನ ಕೇಳು ಮಲ್ಕಮ್ಮಾ. ಹೇಣ್ತಿ ಕೇಳದೆ ಯಾರು ಕೇಳ್ತಾರ?"

ಆ ಮಧ್ಯಾಹ್ನ ಮಲ್ಕಮ್ಮ ಕೇಳಿದಳು. ನಿಂಗಣ್ಣ ಬೇವಿನ ನೆರಳಲ್ಲಿ ಕೈ ಕೆರೆದುಕೊಳ್ಳುತ್ತ ಕುಳಿತಿದ್ದ.

"ಏನ್ರಿ. ನಬಿಸಾಬಗ ನೀವು ಏನರ ಮಾಡೀರೇನು?"

ಅವನು ತಲೆ ಎತ್ತಿದ. ಎಷ್ಟೋ ದಿನದ ಮೇಲೆ ಅವಳ ಮುಖವನ್ನು ನೇರ ನೋಡಿದ. "ನಾನೇ ಕೊಂದೀನಿ ಅವನ್ನ," ಎಂದ.

"ಇವತ್ತು ವಾರ ಯಾವುದರೀ?" ಎಂದು ಕೇಳಿದಳು ಮಲ್ಕಮ್ಮ.

"ಸೋಮವಾರ," ಎಂದ. ಅಂದು ಸೋಮವಾರವೇ.

ವಾರ ಸರಿ ಹೇಳಿದವನು ಉಳಿದದ್ದನ್ನೂ ಸರಿಯೇ ಹೇಳಿರಬೇಕು ಎಂದುಕೊಂಡಳು ಅವಳು. ಇಂಥ ಲೆಕ್ಕ ಹಾಕುವವರನ್ನು ಕಂಡು ನಗಬೇಡಿ. ತಿಂಗಳುಗಟ್ಟಲೆ ಕಾಯ್ದವರಿಗೆ ಕೈಗೆ ಸಿಕ್ಕಿದ್ದೇ ಕೋಲು.

ಅವಳು ಸೆರಗು ಹೊದ್ದು ನೇರ ಮೋಮಿನಪುರಕ್ಕೆ ಹೋದಳು. ಅಕ್ಬರಿ ಬೇಗಂ ಅಣ್ಣ ಖಮರುದ್ದೀನನ ಮನೆಯ ಪಡಸಾಲೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮಲ್ಕಮ್ಮನನ್ನು ಕಂಡು ಬೀಡಿಯ ಮೊರ ಬದಿಗಿಟ್ಟು ಎದ್ದು ನಿಂತಳು. ಅವಳ ಎರಡೂ ಕೈ ತುಂಬ ಹಸಿರು ಬಳೆ. ಗಂಡ ಕಾಣೆಯಾದಂದಿನಿಂದ ಒಂದು ಬಳೆ ಒಡೆದರೆ ಅಂದೇ ಬಳೆಗಾರನ ಹತ್ತಿರ ಹೋಗಿ ಜೊತೆಯದನ್ನು ತಂದು ಇಟ್ಟುಕೊಳ್ಳುತ್ತಿದ್ದಳು. ಓಣಿಯ ಹೆಂಗಸರು ಏನೆಂದರೂ ಅವಳು ಬೇವಾ ಅಲ್ಲ, ವಿಧವೆಯಲ್ಲ, ಅವಳ ಗಂಡ ಹಾದಿಯಲ್ಲಿದ್ದಾನೆ.

"ಸುದ್ದಿ ಬಂದದೇನು ಮಲ್ಕಮ್ಮಾ?" ಎಂದು ಕೇಳಿದಳು.

ಮಲ್ಕಮ್ಮ ಅವಳ ಕಾಲು ಹಿಡಿದುಕೊಂಡಳು. "ಭಾಬಿ, ನಮ್ಮವ್ರ ಕೈಲೆ ನಿಮ್ಮವ್ರ ಜೀವ ಹೋಗ್ಯಾದ. ಅವ್ರೇ ಬಾಯಿ ಬಿಟ್ಟು ಹೇಳ್ಯಾರ. ನಿನ್ನ ಶಾಪ ಅವ್ರನ್ನ ತಿನ್ನಾಕತ್ತದ. ಮಾಫ್ ಮಾಡು. ತಿರುಗಿ ತಗೋ."

ಅಕ್ಬರಿ ಬೇಗಂ ಕೂಗಲಿಲ್ಲ. ಮೊರದಲ್ಲಿಯ ಎಲೆಗಳನ್ನು ಒಮ್ಮೆ ನೋಡಿದಳು. "ಮಣ್ಣು ಎಲ್ಲಿ ಮಾಡ್ಯಾನ?" ಎಂದು ಕೇಳಿದಳು.

"ಕೇಳಿಲ್ಲ ಭಾಬಿ."

"ಅದೊಂದರ ಕೇಳಿಕೊಂಡು ಬರಬೇಕಿತ್ತು," ಎಂದಳು ಅಕ್ಬರಿ ಬೇಗಂ. "ನಾ ಯಾರಿಗೂ ಶಾಪ ಕೊಟ್ಟಿದ್ದಿಲ್ಲ. ನಿಂಗಣ್ಣ ಭಾಯಿಗೆ ಯಾಕ ಕೊಡ್ಲಿ? ನಿನಗ ಮಾಫಿ ಬೇಕಲ್ಲ, ಒಯ್ಯಿ," ಎಂದು ಒಳಗೆ ಹೋದಳು. ಅಡುಗೆಮನೆಯಿಂದ ಬೀಸುವ ಕಲ್ಲಿಗೆ ಬಳೆ ಒಡೆದ ಸದ್ದು ಬಂತು. ಖಮರುದ್ದೀನ್ ಬಾಗಿಲಿಗೆ ಬಂದು ನಿಂತು, ನೀನು ಇನ್ನು ಹೋಗಮ್ಮ ಎಂದ.

ಆ ದಿನ ಮಲ್ಕಮ್ಮ ಹಗುರಾಗಿ ತಿರುಗಿ ಬಂದಳು. ದೊಡ್ಡದೊಂದು ಕೆಲಸ ಮುಗಿಸಿದಂತೆ ನಿದ್ದೆಯನ್ನೂ ಮಾಡಿದಳು. ಮುಂದೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ನಿದ್ದೆಯೇ.

ಆ ವಾರದಲ್ಲೇ ದೊಡ್ಡ ಡಾಕ್ಟರು ಬಂದರು. ಕನ್ನಡಕದ ಹಿಂದೆ ದಣಿದ ಕಣ್ಣಿನ, ಉರ್ದು ಮಾತಾಡುವ ಮುದುಕರು. ಅವರು ನಿಂಗಣ್ಣನನ್ನು ವಾರ ಕೇಳಲಿಲ್ಲ, ಹೆಸರು ಕೇಳಲಿಲ್ಲ. ನಾಲಿಗೆ ಹೊರಗೆ ಹಾಕಿಸಿ ನೋಡಿದರು. ಅದು ಕೆಂಪಗೆ ಸಿಪ್ಪೆ ಸುಲಿದಂತೆ ಇತ್ತು. ಕೈಗಳನ್ನು ಬೆಳಕಿಗೆ ಹಿಡಿದು ತಿರುವಿದರು. ಅಂಗಿಯ ಗುಂಡಿ ಬಿಚ್ಚಿ ಕುತ್ತಿಗೆಯ ಕರಿ ಪಟ್ಟಿಯ ಮೇಲೆ ಬೆರಳಾಡಿಸಿದರು. ಸತ್ತವನ ಕೈಯ ಗುರುತು ಈಗ ಇವರಿಗೂ ಕಂಡಿತು ಎಂದುಕೊಂಡಳು ಮಲ್ಕಮ್ಮ.

"ಏನು ಊಟ ಮಾಡುತ್ತಾನೆ?" ಎಂದು ಕೇಳಿದರು ಡಾಕ್ಟರು.

"ರೊಟ್ಟಿ, ಖಾರ."

"ಮತ್ತೆ?"

"ಅಷ್ಟೇರಿ. ಗದ್ದಲ ಆದಾಗಿಂದ ಬ್ಯಾರೆ ಏನೂ ಮುಟ್ಟಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ಹುಚ್ಚಲ್ಲ ತಾಯಿ, ಎಂದರು. ಬರೀ ಜೋಳ ತಿಂದವರಿಗೆ ಬರುವ ಬೇನೆ ಇದು, ಪೆಲಾಗ್ರ ಎನ್ನುತ್ತಾರೆ. ಬಿಸಿಲು ಬಿದ್ದಲ್ಲಿ ಚರ್ಮ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಕೊನೆಗೆ ತಲೆ ಕೆಡುತ್ತದೆ. ತಲೆ ಕೆಟ್ಟಾಗ ಏನೇನೋ ಆಡುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಗುಳಿಗೆ ಕೊಡುತ್ತೇನೆ, ಬೇಗ ತಿಳಿಯಾಗುತ್ತಾನೆ. ಆದರೆ ಗುಳಿಗೆ ನನ್ನ ಹತ್ತಿರ ಸ್ವಲ್ಪವೇ ಇದೆ. ಬೇಳೆ, ಹಾಲು, ಶೇಂಗಾ ತಿನ್ನಿಸು. ತಿನ್ನದಿದ್ದರೆ ಮತ್ತೆ ಬರುತ್ತದೆ, ಮತ್ತೆ ಬಂದರೆ ಉಳಿಯುವುದು ಕಷ್ಟ.

ಹೊರಗೆ ಬಂದ ಮಲ್ಕಮ್ಮ ಮೊದಲು ನಕ್ಕಳು. ಕುತ್ತಿಗೆಯ ಪಟ್ಟಿ ಬಿಸಿಲಿನದಂತೆ, ಮಾನಮ್ಮನ ಬಾಯಿಗೆ ಮಣ್ಣು ಬೀಳಲಿ! ನಗು ಅರ್ಧಕ್ಕೇ ನಿಂತಿತು. ಏನೇನೋ ಆಡುತ್ತಾರೆ, ಎಂದಿದ್ದರಲ್ಲ ಡಾಕ್ಟರು.

ದೊಡ್ಡ ಡಾಕ್ಟರು ಹೇಳಿ ಖಾಟು ಕೊಡಿಸಿದರು. ಗುಳಿಗೆ ಬಿದ್ದ ಮೇಲೆ ನಿಂಗಣ್ಣ ದಿನದಿನಕ್ಕೆ ತಿಳಿಯಾದ. ಖಾಟಿನ ಮೇಲೆ ಎದ್ದು ಕುಳಿತ, ಅಕ್ಕನ ಮಕ್ಕಳನ್ನು ವಿಚಾರಿಸಿದ, ಕೆಂಬಾಳೆಯ ಗಿಡಕ್ಕೆ ನೀರು ಯಾರು ಹಾಯಿಸುತ್ತಿದ್ದಾರೆ ಎಂದು ಕೇಳಿದ. ಆದರೆ ಬೇಳೆಯ ಬಟ್ಟಲು ಕಂಡರೆ ಮುಖ ತಿರುವಿದ. ಮಲ್ಕಮ್ಮ ಬೇಡಿಕೊಂಡಳು, ಆಮೇಲೆ ತುತ್ತು ಮಾಡಿ ಅವನ ತುಟಿಗೆ ಒತ್ತಿದಳು. ಅವನು ಅವಳ ಕೈ ಹಿಡಿದು ಕೆಳಗಿಳಿಸಿದ.

"ಹರಕಿ ಬಾಯಿ ಬಿಟ್ಟು ಹೇಳಿದ್ರ ಫಲಸಂಗಿಲ್ಲ ಅಂತಾರ. ನೀ ಬಾಯಾಗೇ ತುರುಕಾಕತ್ತಿ, ಹೇಳದೆ ಗತಿ ಇಲ್ಲ," ಎಂದ. "ಅವತ್ತ ನಬಿ ಬಂದು, ನಿಮ್ಮ ಹಗೇವಿನಾಗ ಇಳಿಸಿ ಮ್ಯಾಲ ಕಲ್ಲು ಮುಚ್ಚು, ಸಂಜಿಗೆ ಹೋಗ್ತೀನಿ ಅಂದ. ನೆಲದಾಗಿನ ಕಣಜ, ಗಾಳಿ ಕೆಟ್ಟಿರ್ತದ, ಉಸಿರು ಕಟ್ಟಿ ಸಾಯ್ತಿ ಅಂದೆ. ಅದು ಖರೇ. ನನಗ ಅಂಜಿಕಿ ಆಗಿತ್ತು, ಅದೂ ಖರೇ. ದೊಡ್ಡ ರಸ್ತಾ ಬ್ಯಾಡ, ಹಳ್ಳದ ಹಾದಿ ಹಿಡಿ ಅಂತ ನಾನೇ ಕಳಿಸಿ ಬಂದೆ. ಹಳ್ಳದಾಗೇ ಸೇಡಿನ ಮಂದಿ ಕಾಯ್ಕೊಂಡು ಕುಂತಿದ್ರು ಅಂತ ಆಮ್ಯಾಲ ತಿಳೀತು. ಹೋಗಿ ಹುಡುಕಿದ್ರ ಏನೂ ಸಿಗಲಿಲ್ಲ. ಸತ್ತಾನ ಅಂತ ಹ್ಯಾಂಗ ಅನ್ಲಿ? ಗುಡಿಯ ಶರಣಪ್ಪಗ ಬೇಡ್ಕೊಂಡೆ, ದರ್ಗಾದ ಬಂದೇನವಾಜಗೂ ಬೇಡ್ಕೊಂಡೆ. ಅವ ಬರೋ ತನಕ ರೊಟ್ಟಿ-ಖಾರ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ ಅಂತ."

"ನಾ ಕೇಳಿದಾಗ ಕೊಂದೀನಿ ಅಂದ್ರಿ," ಎಂದಳು ಮಲ್ಕಮ್ಮ.

"ಅಂದಿದ್ದೆನೇನು? ನೆನಪಿಲ್ಲ. ಅಂದಿರಬೇಕು. ರೊಟ್ಟಿ ಮುರಿದಾಗೊಮ್ಮೆ ನನಗ ನಾನೇ ಅಂತಿದ್ದೆ." ಅವನು ಬಟ್ಟಲನ್ನು ದೂರ ಸರಿಸಿದ. "ನಾ ಬ್ಯಾಳಿ ತಿಂದ್ರ ಅವ ಸತ್ತ ಅಂತ ಒಪ್ಪಿದಂಗ. ಅಕ್ಬರಿ ಭಾಬಿ ಕೈಯಾಗ ಬಳಿ ಇಟ್ಕೊಂಡು ಕುಂತಾಳ. ಆಕಿ ಬಿಟ್ಟಿಲ್ಲ, ನಾ ಹ್ಯಾಂಗ ಬಿಡ್ಲಿ?"

ಮಲ್ಕಮ್ಮ ಎದ್ದು ಹೊರಗೆ ಬಂದು ದವಾಖಾನೆಯ ಗೋಡೆಗೆ ಹಣೆ ಹಚ್ಚಿ ನಿಂತಳು. ಗಂಡನ ಜೊತೆ ಅಷ್ಟು ವರ್ಷ ಬಾಳಿ, ಊರ ಬಾಯಿಯನ್ನು ನಂಬಿದ್ದಳು. ಕೆಲವೇ ದಿನ ತಡೆದಿದ್ದರೆ ಸಾಕಿತ್ತು. ಡಾಕ್ಟರು ಬರುವ ತನಕ ನಾಲಿಗೆ ಹಿಡಿದಿದ್ದರೆ ಸಾಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳ ಅವ್ವ ಸಣ್ಣಂದಿನಲ್ಲಿ ಹೇಳಿಕೊಟ್ಟಿದ್ದಳು. ಕೇಳಿಸಿಕೊಂಡವರು ಯಾರು?

ಬಜಾರಿನಲ್ಲಿ ಹಸಿರು ಬಳೆ ಕೊಂಡುಕೊಂಡು ಅವಳು ಮತ್ತೆ ಮೋಮಿನಪುರಕ್ಕೆ ಹೋದಳು. ಅಕ್ಬರಿ ಬೇಗಂ ಅದೇ ಪಡಸಾಲೆಯಲ್ಲಿ, ಅದೇ ಮೊರದ ಮುಂದೆ ಇದ್ದಳು. ಬರಿಗೈ. ಎಡ ಮಣಿಕಟ್ಟಿನಲ್ಲಿ ಗಾಜು ಗೀರಿದ ಗಾಯ ಇನ್ನೂ ಮಾಯ್ದಿರಲಿಲ್ಲ. ಮಲ್ಕಮ್ಮ ಕೂರದೆ, ನಿಂತಲ್ಲಿಯೇ ಎಲ್ಲ ಹೇಳಿದಳು. ಹಗೇವು, ಹಳ್ಳದ ಹಾದಿ, ಹರಕೆ, ರೊಟ್ಟಿ-ಖಾರ. ಕೊಂದೀನಿ ಅಂದದ್ದು ಬೇನೆಯ ಮಾತು ಎಂದಳು.

"ಹಂಗಾದ್ರ ಅವ್ರು ಸತ್ತದ್ದು ಯಾರೂ ನೋಡಿಲ್ಲ," ಎಂದಳು ಅಕ್ಬರಿ ಬೇಗಂ. ಅವಳ ಮುಖಕ್ಕೆ ಬಣ್ಣ ಬಂತು. ಮಲ್ಕಮ್ಮ ಬಳೆಯ ಪೊಟ್ಟಣ ಮುಂದೆ ಇಟ್ಟಳು. ಅಕ್ಬರಿ ಬೇಗಂ ಅದನ್ನು ಬಿಚ್ಚಿ, ಒಂದು ಬಳೆ ಎತ್ತಿ ಬೆರಳುಗಳ ತನಕ ತಂದಳು. ಅಲ್ಲಿಗೆ ತಡೆದಳು.

"ನಿಂಗಣ್ಣ ಭಾಯಿ ಈಗ ಉಣ್ಣಾಕತ್ತಾನೇನು?"

"ಇಲ್ಲ. ನೀನು ಬಳಿ ಇಟ್ಕೊಂಡೀದಿ ಅಂತ ತಿಳಿದು, ತಾನೂ ಹರಕಿ ಬಿಡಂಗಿಲ್ಲ ಅಂತಾರ."

"ಡಾಕ್ಟರ್ ಯಾನ ಅಂದ್ರು?"

ಮಲ್ಕಮ್ಮ ಸುಳ್ಳು ಹೇಳಬೇಕೆಂದುಕೊಂಡಳು, ಬಾಯಿ ಬರಲಿಲ್ಲ. "ಉಣ್ಣದಿದ್ರ ಉಳಿಯೋದು ಕಷ್ಟ ಅಂದಾರ."

ಅಕ್ಬರಿ ಬೇಗಂ ಬಹಳ ಹೊತ್ತು ಬಳೆಯನ್ನೇ ನೋಡಿದಳು. ಆಮೇಲೆ ಅದನ್ನು ಪೊಟ್ಟಣಕ್ಕೆ ಸೇರಿಸಿ, ಗೋಡೆಯ ಗೂಡಿನಲ್ಲಿ ಇಟ್ಟು, ಒಲೆ ಹಚ್ಚಿ ತೊಗರಿಬೇಳೆ ತೊಳೆದಳು. ಮಲ್ಕಮ್ಮ ನೋಡುತ್ತ ನಿಂತಳು. ಬೇಡ ಎಂದರೆ ಗಂಡ ಹೋಗುತ್ತಾನೆ, ಮಾಡು ಎನ್ನಲು ಬಾಯಿಲ್ಲ. ಹುಣಸೆ ಹಿಂಡಿದ ಖಟ್ಟಾ ದಾಲ್ ಕುದ್ದು ಇಳಿದ ಮೇಲೆ ಅಕ್ಬರಿ ಬೇಗಂ ಅದನ್ನು ಬಟ್ಟಲಿಗೆ ತುಂಬಿಕೊಂಡು ಅವಳ ಜೊತೆ ಹೊರಟಳು.

ದವಾಖಾನೆಯಲ್ಲಿ ಅಕ್ಬರಿ ಬೇಗಂ ಬುರ್ಖಾದ ತೋಳು ಮೇಲೆ ಸರಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂಗಣ್ಣನ ಮುಂದೆ ಚಾಚಿದಳು. ಅವನು ಬಟ್ಟಲು ನೋಡಲಿಲ್ಲ, ಕೈ ನೋಡಿದ.

"ಭಾಬಿ, ಬಳಿ?"

"ತೆಗೆದೀನಿ. ಅವ್ರು ಬರಂಗಿಲ್ಲ ಭಾಯಿ. ಬರೋರಿದ್ರ ಇಷ್ಟೊತ್ತಿಗೆ ಬರ್ತಿದ್ರು. ನಾ ಒಪ್ಪೀನಿ, ನೀನೂ ಒಪ್ಪು. ಇಬ್ಬರೂ ಕೂಡಿ ಬೆಳಿತಿದ್ರಿ ಇದನ್ನ. ಉಣ್ಣು."

"ಯಾರರ ಬಂದು ಹೇಳಿದ್ರೇನು ನಿನಗ?"

ಮಲ್ಕಮ್ಮ ಖಾಟಿನ ಕಾಲ ಬಳಿ ನಿಂತಿದ್ದಳು. ಅಕ್ಬರಿ ಬೇಗಂ ಅವಳ ಕಡೆ ಒಮ್ಮೆ ನೋಡಿದಳು.

"ಯಾರು ಹೇಳ್ತಾರ? ನನಗೇ ತಿಳೀತು," ಎಂದಳು.

ನಿಂಗಣ್ಣ ಅಳುತ್ತ ಉಂಡ. ಬೇಳೆಗೆ ಅವನ ಸುಲಿದ ನಾಲಿಗೆ ಉರಿಯುತ್ತಿತ್ತು, ಆದರೂ ಬಟ್ಟಲು ಬರಿದು ಮಾಡಿದ. ಅಕ್ಬರಿ ಬೇಗಂ ಅವನು ಮುಗಿಸುವ ತನಕ ನಿಂತಿದ್ದು, ಬಟ್ಟಲು ತೊಳೆದುಕೊಂಡು ಹೊರಟಳು. ಮಲ್ಕಮ್ಮ ಅವಳ ಹಿಂದೆಯೇ ಮೋಮಿನಪುರದ ತನಕ ನಡೆದಳು. ಮನೆ ಬಂದಾಗ ಅಕ್ಬರಿ ಬೇಗಂ ಒಳಗೆ ಹೋಗಿ ಗೂಡಿನಿಂದ ಪೊಟ್ಟಣ ತಂದು ಅವಳ ಕೈಗಿಟ್ಟಳು.

"ಇದನ್ನ ಒಯ್ಯಿ ಮಲ್ಕಮ್ಮಾ. ಮನ್ಯಾಗಿದ್ರ ಆಸಿ ಬರ್ತದ."

ಮಲ್ಕಮ್ಮ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡಳು. ನೀನೇ ಇಟ್ಟುಕೋ ಎನ್ನಲು ಅವಳಿಗೆ ಯಾವ ಬಾಯಿ ಇತ್ತು?